ಎರಡು ಪಿನ್ನಿನ ನಡುವಿನ ಮಿಲಿಮೀಟರು

ಜೋರು ಮಳೆಯ ಆಟಿ ತಿಂಗಳಲ್ಲಿ ನಮ್ಮ ಕಾಸರಗೋಡಿನ ಕಡೆ ಉಪ್ಪಿನ ಭರಣಿ ತೆರೆದರೆ ತಳದಲ್ಲಿ ನೀರು ನಿಂತಿರುತ್ತದೆ. ಅದೇ ಅಡುಗೆಮನೆಯ ಮೂಲೆಯಲ್ಲಿ ನಮ್ಮ ರೈಸ್ ಕುಕ್ಕರ್. ಕಳೆದ ಮಳೆಗಾಲ ಅದರ ಹಿಂದೆ, ವಯರ್ ಸಿಕ್ಕಿಸುವಲ್ಲಿ, ಚಟಚಟ ಸದ್ದಾಯಿತು. ವಯರ್ ಎಳೆದು ನೋಡಿದರೆ ಪಿನ್ನುಗಳ ನಡುವೆ ಪೆನ್ಸಿಲಿನಲ್ಲಿ ಗೀಚಿದಂಥ ಕಪ್ಪು ಗೆರೆ. ಉಕ್ಕಿದ ಗಂಜಿತಿಳಿ ಒಣಗಿ ಕೂತಿತ್ತು, ಮಳೆಯ ತೇವ ಅದನ್ನು ಮತ್ತೆ ಒದ್ದೆ ಮಾಡಿತ್ತು.

ಕರೆಂಟು ಇಲ್ಲಿ ಗಾಳಿಯಲ್ಲಿ ಹಾರಿದ್ದಲ್ಲ, ಪ್ಲಾಸ್ಟಿಕ್ಕಿನ ಮೈಮೇಲೆ ತೆವಳಿದ್ದು. ಹಾರುವ ದೂರಕ್ಕೆ ಕ್ಲಿಯರೆನ್ಸ್, ತೆವಳುವ ದೂರಕ್ಕೆ ಕ್ರೀಪೇಜ್ ಎನ್ನುತ್ತಾರೆ. ಮೊದಲನೆಯದು ಎಷ್ಟಿರಬೇಕು ಎಂಬುದು ಸಿಡಿಲು ಬಡಿದಾಗ ಲೈನಿನಲ್ಲಿ ಏರುವ ವೋಲ್ಟೇಜು ನೋಡಿ ತೀರ್ಮಾನವಾಗುತ್ತದೆ. ಎರಡನೆಯದು ದಿನನಿತ್ಯದ 230 ವೋಲ್ಟ್, ಕೊಳೆ ಮತ್ತು ವಸ್ತುವಿನ ಗುಣ ನೋಡಿ ತೀರ್ಮಾನವಾಗುತ್ತದೆ. ಈಗಿನ ಮನೆಬಳಕೆಯ ನಿಯಮದಲ್ಲಿ ಗಾಳಿಗೆ 1.5 ಮಿಲಿಮೀಟರ್ ಸಾಕು. ಸಾಧಾರಣ ಪ್ಲಾಸ್ಟಿಕ್ಕಿನ ಮೈಮೇಲೆ 2.5 ಬೇಕು, ಕರೆಂಟು ಹರಿಸುವ ಕೊಳೆ ಕೂರುವ ಜಾಗವಾದರೆ 4. ಆಟಿಯ ಅಡುಗೆಮನೆಗೆ ನಾನಂತೂ 4 ಅನ್ನೇ ಕೇಳುತ್ತೇನೆ.

ಹಳೆಯ ಇಸ್ತ್ರಿಪೆಟ್ಟಿಗೆಗಳಲ್ಲಿ ಪಿನ್ನಿನ ಸುತ್ತ ಪಿಂಗಾಣಿ ಇರುತ್ತಿತ್ತು. ಒಡೆಯುತ್ತಿತ್ತು ನಿಜ, ಆದರೆ ಕರಿಯಾಗಿ ಕರೆಂಟಿಗೆ ದಾರಿ ಬಿಡುತ್ತಿರಲಿಲ್ಲ. 1907ರಲ್ಲಿ ರಸಾಯನ ವಿಜ್ಞಾನಿ ಬೇಕಲ್ಯಾಂಡ್ ಕಂಡುಹಿಡಿದ ಬೇಕಲೈಟ್ ಎಂಬ ಪ್ಲಾಸ್ಟಿಕ್ ಬಿಸಿ ತಾಳುತ್ತದೆ, ಬೇಕಾದ ಅಚ್ಚಿಗೆ ಬರುತ್ತದೆ. ಕಷ್ಟ ಇಷ್ಟೇ: ಮೈ ಸುಟ್ಟರೆ ಇಂಗಾಲ ಉಳಿಯುತ್ತದೆ, ಇಂಗಾಲ ಎಂದರೆ ಕರೆಂಟಿಗೆ ರಸ್ತೆಯೇ ಅಲ್ವಾ? ಹೀಗೆ ದಾರಿ ಬಿಡದೆ ತಡೆಯುವ ಗುಣ ಅಳೆಯಲು ಒಂದು ಪರೀಕ್ಷೆ ಬಂತು. ವಸ್ತುವಿನ ಮೈಮೇಲೆ ವೋಲ್ಟೇಜು ಕೊಟ್ಟು, ನವಸಾಗರದ (ಅಮೋನಿಯಂ ಕ್ಲೋರೈಡ್) ತೆಳು ದ್ರಾವಣವನ್ನು 30 ಸೆಕೆಂಡಿಗೊಂದರಂತೆ 50 ಹನಿ ಬೀಳಿಸುತ್ತಾರೆ. ಎಷ್ಟು ವೋಲ್ಟಿನವರೆಗೆ ತಡೆಯಿತು ಎಂಬುದೇ ಅದರ ಅಂಕ. 600 ಮುಟ್ಟಿದರೆ ಮೊದಲ ದರ್ಜೆ. ಬೇಕಲೈಟ್ ಸಾಮಾನ್ಯವಾಗಿ ಕೊನೆಯ ಸಾಲಿನದು.

ವಯರ್ ಸಿಕ್ಕಿಸುವ ಈ ಜಾಗಕ್ಕೇ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 1970ರಲ್ಲಿ, ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗ) ಹೊರಡಿಸಿದ ಐಇಸಿ 320. ಕೊಳೆ, ವಸ್ತು, ವೋಲ್ಟೇಜು ಎಲ್ಲ ಸೇರಿಸಿ ಲೆಕ್ಕ ಹಾಕುವ ಐಇಸಿ 664 ಬಂದದ್ದು 1980ರಲ್ಲಿ. ನಮ್ಮಲ್ಲಿ 2003ರ ಆದೇಶ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಹೀಟರಿನಂಥವಕ್ಕೆ ಐಎಸ್‌ಐ ಗುರುತು ಕಡ್ಡಾಯ ಮಾಡಿತು.

ಪಿನ್ನುಗಳ ನಡುವಿನ ಏಣು, ಗೀರುಗಳು ಸುಮ್ನೆ ಅಂದಕ್ಕಲ್ಲ. ತೆವಳುವ ದಾರಿಯನ್ನು ಸುತ್ತುಬಳಸು ಮಾಡುವುದಕ್ಕೆ. ಕರೆಂಟು ಕಂಬದ ಪಿಂಗಾಣಿಗೆ ಲಂಗದಂಥ ಮಡಿಕೆ ಇರುವುದೂ ಇದಕ್ಕೇ.

ನಮ್ಮ ಕುಕ್ಕರಿನ ಕಪ್ಪು ಗೆರೆಯನ್ನು ನಾನೇ ಉಪ್ಪುಕಾಗದದಲ್ಲಿ ಉಜ್ಜಿ ತೆಗೆದೆ. ವಾರದಲ್ಲಿ ಮತ್ತೆ ಚಟಚಟ. ಕುಂಬಳೆಯ ರಿಪೇರಿಯವರು ನೋಡಿ ನಕ್ಕು, ಇಡೀ ಸಾಕೆಟ್ ಕಿತ್ತು ಬೇರೆ ಹಾಕಿದರು.