ಊರು ಒಂದೇ, ನಂಬರ್ ಮೂರು

ನಾರ್ವೆಯ ಉತ್ತರ ತುದಿಯಲ್ಲಿ ಆಲ್ಟಾ ಅಂತ ಒಂದು ಮುನಿಸಿಪಾಲಿಟಿ ಇದೆ. 2019ರವರೆಗೆ ಅದರ ಸರ್ಕಾರಿ ನಂಬರ್ 2012. ಮರುವರ್ಷ 5403 ಆಯಿತು, 2024ರಿಂದ 5601. ಅಕ್ಕಪಕ್ಕದ ಯಾವ ಮುನಿಸಿಪಾಲಿಟಿಯೂ ಅದಕ್ಕೆ ಸೇರಿಲ್ಲ, ಊರು ಇದ್ದಲ್ಲೇ ಇದೆ.

ನಂಬರಿನ ಮೊದಲ ಎರಡಂಕಿ ಜಿಲ್ಲೆಯದು. ಜಿಲ್ಲೆ ಬದಲಾದಾಗ ಅದರ ಜೊತೆ ಕೊನೆಯ ಎರಡಂಕಿಯೂ ಬದಲಾಯಿತು. 2020ರ ಜನವರಿ 1ಕ್ಕೆ ಟ್ರೋಮ್ಸ್ (19), ಆಲ್ಟಾ ಇರುವ ಫಿನ್‌ಮಾರ್ಕ್ (20) ಎರಡೂ ಜಿಲ್ಲೆಗಳನ್ನು ಕೂಡಿಸಿ 54 ಮಾಡಿದರು. ಫಿನ್‌ಮಾರ್ಕಿನವರಿಗೆ ಇದು ಸುತರಾಂ ಇಷ್ಟವಿರಲಿಲ್ಲ. 2018ರ ಜನಮತದಲ್ಲೇ ಶೇ. 87ರಷ್ಟು ಮಂದಿ ಬೇಡ ಅಂದಿದ್ದರು. ಕೊನೆಗೆ 2024ರ ಜನವರಿ 1ಕ್ಕೆ ಎರಡೂ ಮತ್ತೆ ಬೇರೆಯಾದವು. ಹಳೇ ನಂಬರ್ ಮಾತ್ರ ವಾಪಸ್ ಬರಲಿಲ್ಲ. ಈಗ 55, 56.

ವರ್ಷವಾರು ಅಂಕಿಅಂಶವನ್ನು ಈ ನಂಬರ್ ನಂಬಿ ಜೋಡಿಸಿದರೆ ಆಲ್ಟಾ 2019ಕ್ಕೆ ಮಾಯ, ಮರುವರ್ಷ ಹೊಸ ಊರೊಂದು ಹುಟ್ಟುತ್ತದೆ. ಹೆಸರು ನಂಬೋಣ ಅಂದರೆ ಅದೂ ಕೈಕೊಡುತ್ತದೆ. 2020ರಲ್ಲಿ ಹ್ಯಾಮರ್‌ಫೆಸ್ಟ್‌ಗೆ ಪಕ್ಕದ ಕ್ವಾಲ್ಸುಂಡ್ ಸೇರಿತು. ಹೆಸರು ಅದೇ, ನೆಲ ಜಾಸ್ತಿ. ಅದೇ ವರ್ಷ ನೂರ್‌ಲಾನ್ ಜಿಲ್ಲೆಯ ಟ್ಯೆಲ್‌ಸುಂಡ್, ಟ್ರೋಮ್ಸ್‌ನ ಸ್ಕೋನ್‌ಲಾನ್ ಜೊತೆ ಒಂದಾಗಿ ಜಿಲ್ಲೆಯ ಗಡಿಯನ್ನೇ ದಾಟಿ ಬಂತು. ಹಾಗಾಗಿ 2024ರ ಟ್ರೋಮ್ಸ್ 2019ರ ಟ್ರೋಮ್ಸ್‌ಗಿಂತ ದೊಡ್ಡದು. ಎರಡನ್ನೂ ಒಂದೇ ಗೆರೆಯಲ್ಲಿ ಎಳೆದು 'ಬೆಳವಣಿಗೆ' ಅಂತ ತೋರಿಸಿದರೆ ಓದುಗರಿಗೆ ಮೋಸ ಮಾಡಿದಂತೆ, ಅಲ್ವಾ?

ನಾನು ಮಾಡುವುದಿಷ್ಟು. ಪ್ರತಿ ಗಡಿಗೂ ನಮ್ಮದೇ ಒಂದು ಗುರುತು, ಜೊತೆಗೆ ಎಂದಿನಿಂದ ಎಂದಿನವರೆಗೆ ಅನ್ನುವ ದಿನಾಂಕ. ಹಳೆಯದನ್ನು ಅಳಿಸಿ ಅದರ ಮೇಲೆ ಬರೆಯುವುದಿಲ್ಲ. ಬದಲಾವಣೆಗಳಿಗೆ ಬೇರೆ ಪಟ್ಟಿ: ಬರೀ ನಂಬರ್ ಬದಲಾಯಿತೋ, ಕೂಡಿತೋ, ಒಡೆಯಿತೋ, ಗಡಿಯ ಒಂದು ತುಂಡು ಸರಿಯಿತೋ. ನಂಬರ್ ಬದಲಾದರೆ ಕಣ್ಮುಚ್ಚಿ ಜೋಡಿಸಬಹುದು. ಕೂಡಿದ್ದರೆ ಹಳೆಯವನ್ನು ಮೊತ್ತ ಹಾಕಿದರಾಯಿತು. ತಲೆನೋವಿರುವುದು ಉಳಿದೆರಡರಲ್ಲಿ.

ಒಡೆದ ಜಿಲ್ಲೆಯ ಲೆಕ್ಕ ಬೇಕಾದರೆ ಮುನಿಸಿಪಾಲಿಟಿ ಮಟ್ಟದ ಸಾಲುಗಳು ಉಳಿದಿರಬೇಕು. ಇದ್ದರೆ 2020ರಿಂದ 2023ರವರೆಗಿನ ಫಿನ್‌ಮಾರ್ಕನ್ನು ಕೂಡಿಸಿ ತೆಗೆಯಬಹುದು. 54ರ ಒಟ್ಟು ಮೊತ್ತ ಮಾತ್ರ ಇಟ್ಟುಕೊಂಡವರಿಗೆ ಆ ದಾರಿಯಿಲ್ಲ. ಜನಸಂಖ್ಯೆಯ ಪಾಲಿನಂತೆ ಹಂಚುವವರೂ ಇದ್ದಾರೆ. ಮೀನುಗಾರಿಕೆಯಂಥ ಲೆಕ್ಕಕ್ಕೆ ಅದು ಸುಮ್ನೆ ಊಹೆ. ನಾನಾದರೆ ಆ ಕೋಶ ಖಾಲಿ ಬಿಡುತ್ತೇನೆ.

ಹಾಂ, ಎಕ್ಸೆಲ್ ಬಳಸುವವರಿಗೆ ಇನ್ನೊಂದು ಮಾತು. ಫಿನ್‌ಮಾರ್ಕಿನ ಹಳೇ ನಂಬರ್‌ಗಳು ಥೇಟ್ ಇಸವಿಯ ಹಾಗೇ ಕಾಣುತ್ತವೆ: ವಾರ್ಡೋ 2002, ಹ್ಯಾಮರ್‌ಫೆಸ್ಟ್ 2004. ಓಸ್ಲೋದ 0301ರಲ್ಲಿ ಮುಂದಿನ ಸೊನ್ನೆಯೇ ಬಿದ್ದುಹೋಗುತ್ತದೆ. ಫೈಲ್ ತೆರೆಯುವಾಗಲೇ ಆ ಕಾಲಂ 'ಟೆಕ್ಸ್ಟ್' ಅಂತ ಆರಿಸಿಕೊಳ್ಳಿ.