ಇವತ್ತು ನಾವು ಮಾಡಿ ನೋಡಿದ್ರೆ, ಹಿಂದಿನವರೂ ಹಾಗೇ ಮಾಡಿದ್ರು ಅಂತ ಹೇಗೆ ಹೇಳೋದು?

ಓದುಗರ ಪ್ರಶ್ನೆ: ಹಳೇ ಕಾಲದ ಹಾಗೆ ಮನೆ ಕಟ್ಟಿ, ಮಡಕೆ ಸುಟ್ಟು, ಕಬ್ಬಿಣ ಕರಗಿಸಿ ನೋಡುವ ‘ಪ್ರಾಯೋಗಿಕ ಪುರಾತತ್ವ’ದ ಬಗ್ಗೆ ಓದಿದೆ. ಅದಕ್ಕೆ ಅಂತರರಾಷ್ಟ್ರೀಯ ಸಂಘವೂ ಇದೆಯಂತೆ. ನಾವು ಈಗ ಒಂದು ರೀತಿಯಲ್ಲಿ ಮಾಡಿ ತೋರಿಸಿದ ಮಾತ್ರಕ್ಕೆ ಹಿಂದಿನವರೂ ಹಾಗೇ ಮಾಡಿದ್ದರು ಅಂತ ಹೇಗಾಗುತ್ತದೆ? ಆ ಸಂಘ ವರ್ಷವಿಡೀ ಮಾಡುವುದಾದರೂ ಏನು? – ಗದಗದ ಓದುಗರು

ಹಾಗೆ ಹೇಳಲು ಬರುವುದಿಲ್ಲ. ಈ ಕೆಲಸ ಗೊತ್ತಿರುವವರು ಯಾರೂ ಹಾಗೆ ಹೇಳುವುದೂ ಇಲ್ಲ. ಪ್ರಯೋಗದಿಂದ ಗೊತ್ತಾಗುವುದು ಬೇರೆ: ಈ ರೀತಿ ಮಾಡಲು ಸಾಧ್ಯವೋ ಇಲ್ಲವೋ, ಮಾಡಿದರೆ ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ಕಟ್ಟಿಗೆ ಬೇಕು, ಕೊನೆಗೆ ನೆಲದಲ್ಲಿ ಎಂಥ ಗುರುತು ಉಳಿಯುತ್ತದೆ. ಕೇಳಲು ಸಣ್ಣದು ಅನ್ನಿಸಬಹುದು. ಆದರೆ ಇಷ್ಟರಿಂದಲೇ ಎಷ್ಟೋ ಊಹೆಗಳು ಬಿದ್ದುಹೋಗಿವೆ.

ನಮ್ಮ ಕಡೆಯವರಿಗೆ ಹಗೇವು, ಅಂದರೆ ಕಾಳು ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ, ಗೊತ್ತಿರುತ್ತದೆ ಅಲ್ವಾ? ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಸುತ್ತ ಜೋಳದ ಕಣಿಕೆ, ಹುಲ್ಲು ಒತ್ತಿ, ಜೋಳ ಸುರಿದು, ಮೇಲೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಡುತ್ತಿದ್ದರು. ಧಾರವಾಡ, ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಮನೆ ಮುಂದೆ, ಓಣಿಯಲ್ಲಿ ಇವು ಇರುತ್ತಿದ್ದವು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ಹೊತ್ತಿಸಿದ ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಅರ್ಥ. ಅವಸರ ಮಾಡಿ ಇಳಿದು ಜೀವ ಕಳಕೊಂಡವರೂ ಇದ್ದಾರೆ.

ಇಂಗ್ಲೆಂಡಿನ ಕಬ್ಬಿಣ ಯುಗದ ಊರುಗಳನ್ನು ಅಗೆದಾಗ ಇಂಥವೇ ಗುಂಡಿಗಳು ರಾಶಿ ರಾಶಿ ಸಿಕ್ಕವು. ಕಾಳು ತುಂಬಿಡಲು ತೋಡಿದ್ದು ಎಂದು ಪುರಾತತ್ವಜ್ಞರು ಊಹಿಸಿದರು. ಆದರೆ ಅಷ್ಟು ತಂಪು, ಅಷ್ಟು ಮಳೆಯ ಊರಿನಲ್ಲಿ ನೆಲದೊಳಗೆ ಕಾಳು ಕೊಳೆಯುವುದಿಲ್ಲವೇ? 1972ರಲ್ಲಿ ಹ್ಯಾಂಪ್‌ಶೈರ್‌ನಲ್ಲಿ ಬಟ್ಸರ್ ಎಂಬ ಪ್ರಾಯೋಗಿಕ ಹೊಲ ಶುರುವಾಯಿತು. ಅದನ್ನು ನಡೆಸಿದ ಪೀಟರ್ ರೆನಾಲ್ಡ್ಸ್ ವಾದ ಮಾಡುತ್ತಾ ಕೂರದೆ ಸುಣ್ಣದ ನೆಲದಲ್ಲಿ ಗುಂಡಿ ತೋಡಿ, ಕಾಳು ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿ ನೋಡಿದರು. ಒಳಗಿನ ಶಾಖ, ತೇವ, ಗಾಳಿ ಎಲ್ಲವನ್ನೂ ಅಳೆದರು. ಗೋಡೆಗೆ ತಾಗಿದ ಕಾಳು ತೇವಕ್ಕೆ ಮೊಳೆಯಲು ಶುರುಮಾಡಿ, ಒಳಗಿದ್ದ ಆಮ್ಲಜನಕ ಹೀರಿಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಾಳಿ ಹೀಗೆ ಬದಲಾದ ಮೇಲೆ ಉಳಿದ ಕಾಳು ಮಲಗಿಬಿಡುತ್ತದೆ. ಅಂಚಿನ ಒಂದು ಪದರ ಹಾಳು, ನಡುವಿನದ್ದು ಚೆನ್ನಾಗಿ ಉಳಿಯುತ್ತದೆ. ಚಳಿಗಾಲ ಕಳೆದು ತೆಗೆದ ಕಾಳನ್ನು ಬಿತ್ತಿದರೆ ಮೊಳಕೆಯೂ ಬಂತು. ನಮ್ಮ ಹಗೇವಿನಲ್ಲಿ ದೀಪ ಆರುವುದೂ ಈ ಗಾಳಿಯಿಂದಲೇ.

ಅಷ್ಟೇ ಅಲ್ಲ, ಒಂದೇ ಗುಂಡಿಯನ್ನು ವರ್ಷ ವರ್ಷ ಬಳಸಬಹುದು ಎಂಬುದೂ ಗೊತ್ತಾಯಿತು. ಇದು ಸಣ್ಣ ವಿಷಯ ಅಲ್ಲ. ಗುಂಡಿ ಬೇಗ ಕೆಡುವುದಾದರೆ, ಒಂದೂರಿನಲ್ಲಿ ನೂರು ಗುಂಡಿ ಸಿಕ್ಕರೂ ಕೆಲವೇ ಮನೆಯವರು ಮತ್ತೆ ಮತ್ತೆ ತೋಡಿದ್ದು ಎನ್ನಬಹುದು. ಬಾಳಿಕೆ ಬರುವುದಾದರೆ ಆ ನೂರರಲ್ಲಿ ಎಷ್ಟೋ ಗುಂಡಿಗಳು ಒಟ್ಟಿಗೇ ತುಂಬಿದ್ದಿರಬಹುದು. ಆಗ ಬೆಳೆಯ ಲೆಕ್ಕ, ಜನರ ಲೆಕ್ಕ ಎರಡೂ ಬದಲಾಗುತ್ತವೆ. ಆ ಗುಂಡಿಗಳಲ್ಲಿ ಕಾಳೇ ಇತ್ತು ಎಂದು ರೆನಾಲ್ಡ್ಸ್ ಸಾಬೀತು ಮಾಡಲಿಲ್ಲ, ನಿಜ. ‘ಕೊಳೆಯುತ್ತದೆ, ಹಾಗಾಗಿ ಸಾಧ್ಯವೇ ಇಲ್ಲ’ ಎಂಬ ಮಾತನ್ನು ಮಾತ್ರ ತಳ್ಳಿಹಾಕಿದರು.

ಸಾಧ್ಯ ಎಂಬುದರಿಂದ ಮುಂದೆ ಹೋಗಬೇಕಾದರೆ ಗುರುತುಗಳನ್ನು ಹೋಲಿಸಬೇಕು. ಲಕ್ಕುಂಡಿಗೆ ಹೋದವರೆಲ್ಲ ಗುಡಿಯ ನುಣುಪು ಕಂಬ ಮುಟ್ಟಿ ಕೇಳುವ ಪ್ರಶ್ನೆ ಇದೆಯಲ್ಲ, ಕಲ್ಲನ್ನು ಯಂತ್ರದ ಹಾಗೆ ತಿರುಗಿಸಿ ಕಡೆದರೋ, ಕೂತು ಉಳಿಯಿಂದಲೇ ಕೆತ್ತಿದರೋ ಎಂದು? ಇದಕ್ಕೆ ಉತ್ತರ ಹುಡುಕುವ ದಾರಿ ಹೀಗೆ. ಅದೇ ಜಾತಿಯ ಬಳಪದ ಕಲ್ಲು ತರಬೇಕು. ಒಂದನ್ನು ತಿರುಗಿಸಿ ಕಡೆಯಬೇಕು, ಇನ್ನೊಂದನ್ನು ಕೈಯಲ್ಲೇ ಕೆತ್ತಿ ಉಜ್ಜಬೇಕು. ಎರಡರ ಮೇಲೂ ಉಳಿದ ಗೀರುಗಳನ್ನು ಭೂತಗನ್ನಡಿ ಹಿಡಿದು ನೋಡಿ, ಆಮೇಲೆ ಹಳೇ ಕಂಬದ ಗೀರುಗಳ ಪಕ್ಕ ಇಡಬೇಕು. ಮೂಲ ಸಾಮಗ್ರಿ, ಒಂದೇ ಸ್ಪಷ್ಟ ಪ್ರಶ್ನೆ, ಅಳತೆ, ಸೋತದ್ದನ್ನೂ ಬರೆದಿಡುವುದು: ಇಷ್ಟಿದ್ದರೆ ಅದು ಪ್ರಯೋಗ. ಜಾತ್ರೆಯಲ್ಲಿ ಹಳೇ ಕಸುಬು ಮಾಡಿ ತೋರಿಸುವುದೂ ಒಳ್ಳೆಯದೇ, ನನಗಂತೂ ಇಷ್ಟ. ಆದರೆ ಅದು ಪ್ರದರ್ಶನ.

ಇನ್ನು ಸಂಘದ ವಿಷಯ. ಅದರ ಹೆಸರು ಎಕ್ಸಾರ್ಕ್, ಹುಟ್ಟಿದ್ದು 2001ರಲ್ಲಿ. ಹಳೇ ಕಾಲದ ಮನೆಗಳನ್ನು ಮತ್ತೆ ಕಟ್ಟಿ ತೋರಿಸುವ ಬಯಲು ಮ್ಯೂಸಿಯಂಗಳು, ಸಂಶೋಧಕರು, ಕುಶಲಕರ್ಮಿಗಳು ಎಲ್ಲ ಇದರ ಸದಸ್ಯರು. ಅದರ ಪತ್ರಿಕೆ ವರ್ಷಕ್ಕೆ 4 ಸಂಚಿಕೆ ಬರುತ್ತದೆ, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಯುರೋಪಿನ ಬಯಲು ಮ್ಯೂಸಿಯಂಗಳಿಗೆ ಜಾಸ್ತಿ ಜನ ಬರುವುದು ಬೇಸಿಗೆಯಲ್ಲಿ. ಕುಲುಮೆ ಹೊತ್ತಿಸುವುದು, ಮನೆ ಕಟ್ಟುವುದು ಆಗ ಬಿರುಸು. ನಡುನಡುವೆ ಸಮ್ಮೇಳನ. 2021ರ ಕೋವಿಡ್ ಸಮಯದಲ್ಲಿ ಅದನ್ನು ಆನ್‌ಲೈನ್‌ನಲ್ಲೇ ನಡೆಸಿದರು.

ಆದರೆ ಈ ಕೆಲಸ ಒಂದು ವರ್ಷದ ಲೆಕ್ಕಕ್ಕೆ ಸಿಗುವುದಿಲ್ಲ. ಇಂಗ್ಲೆಂಡಿನ ಓವರ್‌ಟನ್ ಡೌನ್‌ನಲ್ಲಿ 1960ರಲ್ಲಿ ಒಂದು ಮಣ್ಣಿನ ದಿಬ್ಬ ಹಾಕಿ, ಪಕ್ಕದಲ್ಲೇ ಕಂದಕ ತೋಡಿದರು. ದಿಬ್ಬದೊಳಗೆ ಚರ್ಮ, ಬಟ್ಟೆ, ಕಟ್ಟಿಗೆ, ಮೂಳೆ ಹೂತರು. ಅಲ್ಲಿಂದ 2, 4, 8, 16, 32, 64, 128 ವರ್ಷ ತುಂಬಿದಾಗ ಒಂದೊಂದು ಭಾಗ ಕತ್ತರಿಸಿ, ಏನೇನು ಉಳಿದಿದೆ ಎಂದು ನೋಡಬೇಕು ಎಂಬುದು ಯೋಜನೆ. ಕೊನೆಯ ಸರದಿ 2088ರಲ್ಲಿ. ಶುರುಮಾಡಿದವರು ಯಾರೂ ಅದನ್ನು ನೋಡುವುದಿಲ್ಲ ಎಂದು ಗೊತ್ತಿದ್ದೇ ಶುರುಮಾಡಿದ್ದು. ಈ ವಿದ್ಯೆಯಲ್ಲಿ ನನಗೆ ತುಂಬ ಗೌರವ ಹುಟ್ಟಿಸಿದ್ದು ಇದೇ.

ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಹೊಸ ಶಿಲಾಯುಗದಿಂದ ಕಬ್ಬಿಣ ಯುಗದವರೆಗೆ ಜನ ಬಾಳಿದ ನೆಲೆ ಇದೆ. ಆ ಕಾಲದ ಮಡಕೆ, ಮನೆ, ಕಬ್ಬಿಣದ ಬಗ್ಗೆ ಮಾಡಿ ನೋಡಬೇಕಾದ ಪ್ರಶ್ನೆಗಳು ಬೇಕಾದಷ್ಟಿವೆ. ನನ್ನನ್ನು ಕೇಳಿದರೆ ಹಗೇವಿನಿಂದಲೇ ಶುರುಮಾಡಿ ಎನ್ನುತ್ತೇನೆ. ಯಾಕೆಂದರೆ ತುಂಬಿ, ತೆಗೆದು ಗೊತ್ತಿರುವ ಅಜ್ಜಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ಎಷ್ಟು ಆಳ, ಎಷ್ಟು ಚೀಲ, ಯಾವ ತಿಂಗಳು ಮುಚ್ಚಿದರು, ಯಾವಾಗ ತೆರೆದರು, ಎಷ್ಟು ಜೋಳ ಮುಗ್ಗಾಯಿತು: ಇಷ್ಟನ್ನು ಕೇಳಿ ಬರಕೊಳ್ಳಿ. ಒಂದು ಹಳೇ ಹಗೇವು ಇನ್ನೂ ಗಟ್ಟಿಯಾಗಿದ್ದರೆ ಅವರನ್ನೇ ಜೊತೆಗಿಟ್ಟುಕೊಂಡು ಒಂದು ಸುಗ್ಗಿಗೆ ತುಂಬಿಸಿ, ಥರ್ಮಾಮೀಟರ್ ಇಟ್ಟು ಅಳೆಯಿರಿ. ತೆರೆದ ಮೇಲೆ ಮಾತ್ರ ದೀಪ ಇಳಿಬಿಡದೆ ಯಾರನ್ನೂ ಇಳಿಸಬೇಡಿ.