ಆಟೋಕ್ಲೇವ್ ಮಾಡಿದ ಬಫರ್ ಹಳೆಯ ಮೂಳೆಯ ಡಿಎನ್‌ಎಗೆ ಸಾಲದೇ?

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಬಫರ್‌ಗಳನ್ನೆಲ್ಲ (ಆಮ್ಲ-ಕ್ಷಾರದ ಮಟ್ಟವನ್ನು, ಅಂದರೆ ಪಿಎಚ್ ಅನ್ನು, ಸ್ಥಿರವಾಗಿಡುವ ದ್ರಾವಣಗಳು) ಆಟೋಕ್ಲೇವ್ ಮಾಡಿಯೇ, ಅಂದರೆ ಒತ್ತಡದ ಹಬೆಯಲ್ಲಿ ಕಾಯಿಸಿಯೇ ಬಳಸುತ್ತೇವೆ. ಪ್ರಾಚೀನ ಮೂಳೆಯಿಂದ ಡಿಎನ್‌ಎ ತೆಗೆಯಲು ಅಷ್ಟು ಸಾಲದೇ?

ಸಾಲದು. 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಬ್ಯಾಕ್ಟೀರಿಯಾಗಳು ಸಾಯುತ್ತವೆ ನಿಜ, ಆದರೆ ಅವುಗಳ ಡಿಎನ್‌ಎ ಪೂರ್ತಿ ನಾಶವಾಗದೆ ತುಂಡುತುಂಡಾಗಿ ಉಳಿಯುತ್ತದೆ. ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಮೂಳೆಯಲ್ಲಿ ಸಿಗುವುದೂ ಬಹುಪಾಲು ನೂರು ಬೇಸ್ ಜೋಡಿಗಿಂತ (ಡಿಎನ್‌ಎ ಏಣಿಯ ಮೆಟ್ಟಿಲುಗಳು) ಚಿಕ್ಕ ತುಣುಕುಗಳೇ. ಅವನ್ನು ಹಿಡಿಯಲೆಂದು ರೂಪಿಸಿದ ವಿಧಾನಕ್ಕೆ ಮೂಳೆಯ ತುಣುಕು ಯಾವುದು, ಬಫರ್‌ನದು ಯಾವುದು ಎಂಬ ಭೇದ ಗೊತ್ತಿಲ್ಲ.

ಇದು ಬರಿಯ ಆತಂಕವಲ್ಲ. 1994ರಲ್ಲಿ ಎಂಟು ಕೋಟಿ ವರ್ಷ ಹಳೆಯ ಮೂಳೆಯಿಂದ ಬಂದದ್ದೆಂದು ವರದಿಯಾದ, ಡೈನೋಸಾರ್‌ನದೆಂದು ಭಾವಿಸಿದ ಡಿಎನ್‌ಎ ಮನುಷ್ಯನದೆಂದು ಆಮೇಲೆ ತಿಳಿಯಿತು. ಡಿಎನ್‌ಎಯ ನಕಲುಗಳನ್ನು ಹೆಚ್ಚಿಸುವ ಪಿಸಿಆರ್ ವಿಧಾನದ ರಾಸಾಯನಿಕಗಳಲ್ಲೇ ದನ, ಹಂದಿ, ಕೋಳಿಯ ಡಿಎನ್‌ಎ ಇರುವುದನ್ನು 2007ರಲ್ಲಿ ಸಂಶೋಧಕರು ತೋರಿಸಿದರು. ನಮ್ಮಂಥ ಬಿಸಿ ನಾಡಿನಲ್ಲಿ ಮೂಳೆಯ ಪಾಲಿನ ಡಿಎನ್‌ಎ ಇನ್ನೂ ಕಡಿಮೆ. ಹರಿಯಾಣದ ಸಿಂಧೂ ನಾಗರಿಕತೆಯ ತಾಣವಾದ ರಾಖಿಗಢಿಯ ಅಧ್ಯಯನದಲ್ಲಿ 61 ಮಾದರಿಗಳನ್ನು ಪರೀಕ್ಷಿಸಿದಾಗ ಬಳಸಬಹುದಾದ ಡಿಎನ್‌ಎ ಸಿಕ್ಕಿದ್ದು ಒಂದರಲ್ಲೇ. ಇಷ್ಟು ಅಲ್ಪವಾದದ್ದನ್ನು ಹುಡುಕುವಾಗ ಬಫರ್‌ನಿಂದ ಬರುವ ಕಣವೂ ಭಾರಿ ಲೆಕ್ಕವೇ.

ಹಾಗಾದರೆ ಬಫರ್ ತಯಾರಿಸುವುದು ಹೇಗೆ? ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ 2013ರಲ್ಲಿ ಪ್ರಕಟಿಸಿದ, ಡಿಎನ್‌ಎಯನ್ನು ಸಿಲಿಕಾಕ್ಕೆ ಅಂಟಿಸಿ ಹಿಡಿಯುವ ವಿಧಾನವನ್ನು ಈಗ ಅನೇಕರು ಅನುಸರಿಸುತ್ತಾರೆ. ಮೂಳೆಪುಡಿಯನ್ನು ಕರಗಿಸುವ ದ್ರಾವಣದಲ್ಲಿ 0.45 ಮೋಲಾರ್ (ಲೀಟರಿಗೆ ಇಷ್ಟು ಮೋಲ್ ಎಂಬ ಸಾಂದ್ರತೆಯ ಅಳತೆ) ಇಡಿಟಿಎ ಮತ್ತು ಪ್ರತಿ ಮಿಲಿಲೀಟರಿಗೆ 0.25 ಮಿಲಿಗ್ರಾಂ ಪ್ರೋಟೀನೇಸ್ ಕೆ ಎಂಬ ಕಿಣ್ವ ಇರುತ್ತವೆ. ಇಡಿಟಿಎ ಕ್ಯಾಲ್ಸಿಯಂ ಅನ್ನು ಸೆಳೆದು ಖನಿಜವನ್ನು ಬಿಡಿಸುತ್ತದೆ, ಕಿಣ್ವ ಮೂಳೆಯ ಪ್ರೋಟೀನ್ ಆದ ಕೊಲಾಜೆನ್ ಅನ್ನು ಕತ್ತರಿಸುತ್ತದೆ. ಹತ್ತು ಮಿಲಿಲೀಟರಿಗೆ 0.5 ಮೋಲಾರ್ ಇಡಿಟಿಎ 9 ಮಿಲಿಲೀಟರ್, ಮಿಲಿಲೀಟರಿಗೆ 10 ಮಿಲಿಗ್ರಾಂ ಸಾಂದ್ರತೆಯ ಕಿಣ್ವ 0.25 ಮಿಲಿಲೀಟರ್, ಉಳಿದದ್ದು ನೀರು. ಪಿಎಚ್ 8ರ 0.5 ಮೋಲಾರ್ ಇಡಿಟಿಎಯನ್ನು ಸಿದ್ಧರೂಪದಲ್ಲೇ ಕೊಳ್ಳಿರಿ ಎಂಬುದು ನನ್ನ ಖಚಿತ ಸಲಹೆ. ಸ್ವತಃ ತಯಾರಿಸಿದರೆ ಲೀಟರಿಗೆ 186.1 ಗ್ರಾಂ ಡೈಸೋಡಿಯಂ ಲವಣ ಬೇಕು. ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ ಪಿಎಚ್ 8ರ ಹತ್ತಿರ ಬರುವವರೆಗೂ ಅದು ಕರಗುವುದಿಲ್ಲ. ಆ ಹೊತ್ತಿನಲ್ಲಿ ಎಲ್ಲರೂ ಬಳಸುವ ಪಿಎಚ್ ಮಾಪಕವನ್ನು ನೇರವಾಗಿ ಪಾತ್ರೆಗೆ ಅದ್ದುವುದೇ ದೊಡ್ಡ ಅಪಾಯ. ಸ್ವಲ್ಪ ದ್ರಾವಣವನ್ನು ಬೇರೆ ಕೊಳವೆಗೆ ತೆಗೆದು ಅಳೆಯಿರಿ, ಅಳೆದದ್ದನ್ನು ಚೆಲ್ಲಿಬಿಡಿ. ಲವಣದ ಪುಡಿಗೆ ಚಮಚ ಹಾಕದೆ ಬಾಟಲಿಯಿಂದಲೇ ಸುರಿದು ತೂಗಿರಿ.

ಡಿಎನ್‌ಎಯನ್ನು ಸಿಲಿಕಾಕ್ಕೆ ಅಂಟಿಸುವ ಬಫರ್‌ನಲ್ಲಿ 5 ಮೋಲಾರ್ ಗ್ವಾನಿಡಿನ್ ಹೈಡ್ರೋಕ್ಲೋರೈಡ್, ಶೇಕಡಾ 40 ಐಸೋಪ್ರೊಪನಾಲ್, ಶೇಕಡಾ 0.05 ಟ್ವೀನ್-20 (ಸೌಮ್ಯ ಮಾರ್ಜಕ) ಇರುತ್ತವೆ, ಪಿಎಚ್ 5.2ರ ಸೋಡಿಯಂ ಅಸಿಟೇಟ್ ಅದನ್ನು ಆಮ್ಲೀಯವಾಗಿ ಇಡುತ್ತದೆ. ನೂರು ಮಿಲಿಲೀಟರಿಗೆ ಸುಮಾರು 47.8 ಗ್ರಾಂ ಗ್ವಾನಿಡಿನ್ ಬೇಕು. ಕರಗುವಾಗ ಕೊಳವೆ ತಣ್ಣಗಾಗುತ್ತದೆ, ಅವಸರಪಡಬೇಡಿ. ಒಂದು ಎಚ್ಚರಿಕೆ: ಮೇಜು ಒರೆಸಲು ನೀವು ಬ್ಲೀಚ್ ಬಳಸುತ್ತೀರಿ, ಬಳಸಲೇಬೇಕು, ಆದರೆ ಗ್ವಾನಿಡಿನ್ ಚೆಲ್ಲಿದ ಕಡೆ ಬ್ಲೀಚ್ ಹಾಕಿದರೆ ವಿಷಾನಿಲ ಹುಟ್ಟುತ್ತದೆ. ಎರಡರ ತ್ಯಾಜ್ಯವನ್ನೂ ಬೇರೆಬೇರೆ ಇಡಿ.

ನೀರು, ಇಡಿಟಿಎಯಂಥವುಗಳಿಗೆ 254 ನ್ಯಾನೋಮೀಟರ್ ಅತಿನೇರಳೆ ಬೆಳಕು ಹಾಯಿಸುವುದುಂಟು. ಮುಚ್ಚಳ ತೆರೆದು, ತೆಳುವಾದ ಪದರವಾಗಿಸಿ, ದೀಪದ ಸಮೀಪ ಇಟ್ಟರೆ ಮಾತ್ರ ಪ್ರಯೋಜನ. ಕಿಣ್ವಕ್ಕೆ ಆ ಬೆಳಕು ತಾಗಬಾರದು, ಅದನ್ನು ಕೊನೆಗೆ ಸೇರಿಸಿ. ತುಣುಕು ಚಿಕ್ಕದಾದಷ್ಟೂ ಬೆಳಕಿನ ಪೆಟ್ಟಿನಿಂದ ತಪ್ಪಿಸಿಕೊಳ್ಳುವ ಸಂಭವ ಹೆಚ್ಚು; ಆದ್ದರಿಂದ ಇದೊಂದನ್ನೇ ನಂಬಿ ಕೂರಬೇಡಿ.

ಬಫರ್ ಶುದ್ಧವೋ ಅಲ್ಲವೋ ಎಂಬುದನ್ನು ಹೇಳುವುದು ಖಾಲಿ ಮಾದರಿ. ಮೂಳೆಪುಡಿಯಿಲ್ಲದ ಕೊಳವೆಯನ್ನೂ ಪ್ರತಿ ಬಾರಿಯ ಮಾದರಿಗಳೊಂದಿಗೆ ಮೊದಲಿನಿಂದ ಕೊನೆಯವರೆಗೆ ಅದೇ ಹಂತಗಳಲ್ಲಿ ಒಯ್ಯಿರಿ, ಸೀಕ್ವೆನ್ಸ್ ಕೂಡ ಮಾಡಿರಿ, ಅಂದರೆ ಅದರಲ್ಲಿನ ಡಿಎನ್‌ಎಯ ಅಕ್ಷರಕ್ರಮವನ್ನು ಓದಿರಿ. ಬಫರ್ ಅನ್ನು ಒಂದೊಂದು ಬಳಕೆಗೆ ಸಾಕಾಗುವಷ್ಟು ಸಣ್ಣ ಕೊಳವೆಗಳಿಗೆ ಹಂಚಿ, ತಯಾರಿಸಿದ ದಿನಾಂಕವನ್ನೂ ಪ್ರತಿ ರಾಸಾಯನಿಕದ ಲಾಟ್ (ತಯಾರಿಕೆಯ ಕಂತು) ಸಂಖ್ಯೆಯನ್ನೂ ಬರೆದಿಡಿ. ಖಾಲಿ ಮಾದರಿಯಲ್ಲಿ ಮನುಷ್ಯನ ಡಿಎನ್‌ಎ ಗಮನಾರ್ಹವಾಗಿ ಕಂಡರೆ ಆ ಬಾರಿಯ ಕೊಳವೆಗಳನ್ನೆಲ್ಲ ಎಸೆದು, ಯಾವ ಲಾಟ್‌ನಿಂದ ಬಂತೆಂದು ಹುಡುಕಲು ಆ ಟಿಪ್ಪಣಿಯೇ ಬೇಕಾಗುತ್ತದೆ.